ಕೂಲಿಮಠದ ಮಗ್ಗಿ ಮತ್ತು ಭಾಗಾಹಾರದ ಪಾಠ

ಮೂರೂ ಐದೂ ಕೂಡಿದರೆ ಎಂಟು. ಎಂಟರಲ್ಲಿ ಮೂರನ್ನು ಕಳೆದರೆ ಐದು, ಐದನ್ನು ಕಳೆದರೆ ಮೂರು. ಇವೆಲ್ಲವನ್ನೂ ಒಂದೇ ಪಾಠವಾಗಿ ಮಗುವಿಗೆ ಕಲಿಸುವ ಕ್ರಮವನ್ನು ಸಂಖ್ಯಾಕುಟುಂಬದ ಪಾಠವೆನ್ನಬಹುದು. ಗುಣಾಕಾರ ಭಾಗಾಹಾರಗಳಿಗೂ ಇದೇ ಕ್ರಮವು ಅನ್ವಯಿಸುತ್ತದೆ. ಯೂರೋಪಿನಲ್ಲಿ ಜರ್ಮನಿಯ ಗ್ರೂಬೆ ಎಂಬ ಉಪಾಧ್ಯಾಯನು ೧೮೪೨ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ಕ್ರಮವನ್ನು ಕೊನೆಮುಟ್ಟಿಸಿದನು. ಒಂದು ಸಂಖ್ಯೆಗೆ ಸಂಬಂಧಿಸಿದ ನಾಲ್ಕು ಪರಿಕರ್ಮಗಳೂ ಮುಗಿಯುವವರೆಗೆ ಮುಂದಿನ ಸಂಖ್ಯೆಗೆ ಹೋಗಕೂಡದೆಂಬುದು ಅವನ ನಿಯಮ. ಮೊದಲ ಹತ್ತು ಸಂಖ್ಯೆಗಳಿಗೇ ಒಂದು ವರ್ಷ ಹಿಡಿಯುತ್ತಿತ್ತೆಂದರೆ ಮಕ್ಕಳ ಬೇಸರವನ್ನು ನಾವು ಊಹಿಸಬಹುದು. ಇದಕ್ಕೆ ತದ್ವಿರುದ್ಧವಾಗಿ, ನಮ್ಮ ಹಳೆಯ ಕೂಲಿಮಠಗಳಲ್ಲಿ ಇದ್ದುದು ಕೇವಲ ಗಿಳಿಪಾಠ, ಅಲ್ಲಿ ಕೂಡುವ ಗುಣಿಸುವ ಮಗ್ಗಿಗಳನ್ನು ಉರುಹಚ್ಚಿಸಿದರೇ ಹೊರತು ಕಳೆಯುವುದಕ್ಕೂ ಭಾಗಿಸುವುದಕ್ಕೂ ಅವುಗಳಿಗೂ ಇರುವ ನಂಟನ್ನು ಕಾಣಿಸಲಿಲ್ಲ ಎಂಬ ಅಭಿಪ್ರಾಯ ಬಹುಮಟ್ಟಿಗೆ ರೂಢಿಯಲ್ಲಿದೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ನಮಗೆ ದೊರೆಯುವ ಮುಖ್ಯ ಸಾಕ್ಷ್ಯವು ಬಳ್ಳಾರಿ ಜಿಲ್ಲೆಯದು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದಲೂ ದೇಶೀಯ ಶಾಲೆಗಳ ವಿವರಗಳನ್ನು ಕೇಳಿ ತರಿಸಿದನು. ಅನೇಕರು ಬರಿಯ ಅಂಕಿಗಳನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ೧೮೨೩ರ ಆಗಸ್ಟಿನಲ್ಲಿ ಬರೆದ ವರದಿಯಲ್ಲಿ ಪಾಠಕ್ರಮವನ್ನೇ ವರ್ಣಿಸಿದ್ದಾನೆ. ತೆಲುಗು ವ್ಯಾಕರಣವೊಂದನ್ನು ರಚಿಸಿದ್ದ ಈತನಿಗೆ ದೇಶಭಾಷೆಗಳ ಪರಿಚಯ ಚೆನ್ನಾಗಿತ್ತು. ಅವನ ಲೆಕ್ಕದಂತೆ, ಇಂದಿನ ಅನಂತಪುರದ ಸೀಮೆಯನ್ನೂ ಒಳಗೊಂಡಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಓದುತ್ತಿದ್ದವರು ೬,೬೪೧ ಮಂದಿ.

ಬೆಳಗಿನ ಆರು ಗಂಟೆಗೆ ಮಠ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾಗಿ ಬಂದವನೂ ಹೀಗೆ ಸಂಖ್ಯೆಯನ್ನು ಕಲಿಯುತ್ತಿದ್ದನೆನ್ನಬೇಕು! ಅಕ್ಷರಗಳನ್ನು ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಬಳಿಕ ಹಲಗೆ ಅಥವಾ ಕಡತದ ಮೇಲೆ ಬಳಪದ ಬರವಣಿಗೆ. ಅನಂತರ ಅಂಕಗಣಿತ. ಮೊದಲು ಕೂಡುವ ಮಗ್ಗಿ, ನೂರರವರೆಗಿನ ಎಣಿಕೆ, ಹಣದ ಸಂಕಲನ ವ್ಯವಕಲನ, ಆಮೇಲೆ ಗುಣಾಕಾರ, ನಾಣ್ಯ ಮತ್ತು ಅಳತೆಗಳ ಪರಿವರ್ತನೆ. ನಮ್ಮ ವಿಷಯಕ್ಕೆ ಬೇಕಾದ ಮಾತು ಇದರ ಮುಂದೆ ಬರುತ್ತದೆ: ಭಿನ್ನರಾಶಿಗಳನ್ನು ಕಲಿಸುವುದರಲ್ಲಿ ಉಪಾಧ್ಯಾಯರು ಬಹಳ ಶ್ರಮ ವಹಿಸುತ್ತಿದ್ದರೆಂದೂ, ಅವು ಹತ್ತರಿಂದ ಹತ್ತಕ್ಕೆ ಇಳಿಯದೆ ನಾಲ್ಕರಿಂದ ನಾಲ್ಕಕ್ಕೆ ಇಳಿಯುತ್ತಿದ್ದುವೆಂದೂ ಕ್ಯಾಂಪ್‌ಬೆಲ್ ತಿಳಿಸುತ್ತಾನೆ. ಹುಡುಗರು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಈ ಭಿನ್ನರಾಶಿಗಳನ್ನೂ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಪ್ಪಿಸುತ್ತಿದ್ದರು.

ಈ ವರ್ಣನೆಯಲ್ಲಿ ಕೂಡುವ ಮಗ್ಗಿಯಿದೆ, ಗುಣಿಸುವ ಮಗ್ಗಿಯಿದೆ. ಕಳೆಯುವ ಮಗ್ಗಿಯಾಗಲಿ ಭಾಗಿಸುವ ಮಗ್ಗಿಯಾಗಲಿ ಇಲ್ಲ. ಆಕ್ಷೇಪಿಸುವವರು ಇಷ್ಟನ್ನೇ ಹಿಡಿಯುತ್ತಾರೆ. ಆದರೆ ಕಾಲು ಮಗ್ಗಿಯ ಸ್ವರೂಪವನ್ನು ಅವರು ಗಮನಿಸಿದಂತೆ ತೋರುವುದಿಲ್ಲ. ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು, ಐದು ಕಾಲು ಒಂದೂಕಾಲು ಎಂದು ಮುಂದುವರಿಯುವ ಹುಡುಗನು ಇಪ್ಪತ್ತೆಂಟು ಕಾಲು ಏಳು ಎಂಬಲ್ಲಿಗೆ ಬಂದಾಗ ಇಪ್ಪತ್ತೆಂಟನ್ನು ನಾಲ್ಕರಿಂದ ಭಾಗಿಸಿರುತ್ತಾನೆ. ಏಳು ನಾಲ್ಕ್ಲ ಇಪ್ಪತ್ತೆಂಟು ಎಂಬುದನ್ನು ಅವನು ಪೂರ್ಣಾಂಕದ ಮಗ್ಗಿಯಲ್ಲಿ ಮೊದಲೇ ಹೇಳಿರುತ್ತಾನೆ. ನಾಲ್ಕು, ಏಳು, ಇಪ್ಪತ್ತೆಂಟು ಎಂಬ ಕುಟುಂಬದ ಒಂದು ತುದಿ ಒಂದು ಮಗ್ಗಿಯಲ್ಲಿಯೂ ಇನ್ನೊಂದು ತುದಿ ಮತ್ತೊಂದರಲ್ಲಿಯೂ ಇದೆ. ಎರಡೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತವರ ಬಾಯಿಂದ ಬರುತ್ತಿದ್ದುವು. ಹದಿನಾರನೆಯ ಒಂದು ಪಾಲಾದ ವೀಸದ ಮಾತೂ ಹೀಗೆಯೇ. ಗುಣಾಕಾರದ ಹೆಸರಿನಲ್ಲಿ ಭಾಗಾಹಾರವನ್ನೇ ಕಂಠಪಾಠ ಮಾಡಿಸುತ್ತಿದ್ದರೆಂದು ನಾವು ಹೇಳಬಯಸುತ್ತೇವೆ.

ಈ ವಾದಕ್ಕೆ ಮಿತಿಯುಂಟು. ಎರಡು, ನಾಲ್ಕು, ಎಂಟು, ಹದಿನಾರುಗಳಿಗೆ ಸಲ್ಲುವ ಮಾತು ಮೂರಕ್ಕೂ ಏಳಕ್ಕೂ ಸಲ್ಲದು. ಮೂವರು ಅಣ್ಣತಮ್ಮಂದಿರು ಪಾಲಾಗುವಾಗ ಕಾಲು ಮಗ್ಗಿಯಿಂದ ಪ್ರಯೋಜನವಿಲ್ಲ. ಮೂರರ ಮಗ್ಗಿಯನ್ನು ಹೇಳುತ್ತ ಹೋಗಿ ಬೇಕಾದ ಮೊತ್ತ ಬಂದಲ್ಲಿ ನಿಲ್ಲಬೇಕು. ಪೇಟೆಯ ಸೇರು, ಪಾವು, ಚಟಾಕುಗಳೂ ರೂಪಾಯಿ ಆಣೆಗಳೂ ನಾಲ್ಕರ ಹಾದಿಯಲ್ಲಿಯೇ ಇಳಿಯುತ್ತಿದ್ದುದರಿಂದ ಮಠವೂ ಅದೇ ಹಾದಿಯನ್ನು ಹಿಡಿದಿತ್ತು.

ಶಾಸ್ತ್ರಗ್ರಂಥಗಳಲ್ಲಿಯಾದರೋ ವಿಲೋಮಕ್ರಿಯೆಯ ಅರಿವು ಸ್ಪಷ್ಟವಾಗಿಯೇ ಇದೆ. ಹಿಂದುಮುಂದಾಗಿ ಲೆಕ್ಕ ಮಾಡುವಾಗ ಗುಣಕವು ಭಾಜಕವಾಗುವುದೆಂದೂ ಕೂಡುವುದು ಕಳೆಯುವುದಾಗುವುದೆಂದೂ ಆರ್ಯಭಟನು ೪೯೯ರಲ್ಲಿಯೇ ವಿಧಿಸಿದ್ದಾನೆ. ಅವನ ಗ್ರಂಥಕ್ಕೆ ೬೨೯ರಲ್ಲಿ ಭಾಷ್ಯ ಬರೆದ ಒಂದನೆಯ ಭಾಸ್ಕರನು ಗಣಿತವೆಲ್ಲವೂ ವೃದ್ಧಿ ಮತ್ತು ಕ್ಷಯ ಎಂಬ ಎರಡರಲ್ಲಿಯೇ ಅಡಗಿದೆಯೆನ್ನುತ್ತಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಎಂಟು ಪರಿಕರ್ಮಗಳು ಜೋಡಿಜೋಡಿಯಾಗಿಯೇ ಬರುತ್ತವೆ: ಗುಣಾಕಾರಕ್ಕೆ ಭಾಗಾಹಾರ, ವರ್ಗಕ್ಕೆ ವರ್ಗಮೂಲ, ಘನಕ್ಕೆ ಘನಮೂಲ, ಶ್ರೇಢಿಯ ಸಂಕಲನಕ್ಕೆ ವ್ಯುತ್ಕಲಿತ. ಸಾಮಾನ್ಯವಾದ ಕೂಡುವ ಕಳೆಯುವ ಲೆಕ್ಕಗಳಿಗೆ ಅವನು ಪ್ರತ್ಯೇಕ ಸ್ಥಾನ ಕೊಟ್ಟಿಲ್ಲ. ಅವು ಗ್ರಂಥಕ್ಕೆ ಬರುವ ಮೊದಲೇ ಕಲಿತಿರಬೇಕಾದವೆಂದು ಭಾವಿಸಿದನೇನೋ. ಬಳ್ಳಾರಿಯ ಐಗಳು ಇವುಗಳನ್ನು ಓದಿದ್ದರೆಂದು ನಾವು ವಾದಿಸುವುದಿಲ್ಲ. ಜೋಡಿಯಾಗಿ ಕಾಣುವ ದೃಷ್ಟಿ ಈ ನಾಡಿಗೆ ಹೊರಗಿನಿಂದ ಬರಬೇಕಾಗಿರಲಿಲ್ಲವೆಂಬಷ್ಟೇ ನಮ್ಮ ಮಾತು.

೧೯೩೧ರಲ್ಲಿ ಗಾಂಧೀಜಿಯವರು ಲಂಡನ್ನಿನಲ್ಲಿ ಹಳೆಯ ಗ್ರಾಮಶಾಲೆಗಳನ್ನು ಹೊಗಳಿ ಮಾತನಾಡಿದ್ದನ್ನೂ ಫಿಲಿಪ್ ಹಾರ್ಟಾಗ್ ಅದನ್ನು ಖಂಡಿಸಿದ್ದನ್ನೂ ವಾಚಕರು ಬಲ್ಲರು. ೧೯೮೩ರಲ್ಲಿ ಧರಂಪಾಲರು ಮದರಾಸಿನ ವರದಿಗಳನ್ನು ಅಚ್ಚುಹಾಕಿಸಿದ ಮೇಲೆ ಆ ವಿವಾದ ಮತ್ತೆ ಚಿಗುರಿತು. ಎರಡು ಪಕ್ಷದವರೂ ಶಾಲೆಗಳನ್ನು ಎಣಿಸುವುದರಲ್ಲಿಯೇ ಹೆಚ್ಚು ಆಸಕ್ತರು. ಮಠದೊಳಗೆ ಹುಡುಗನು ಏನೆಂದು ಒಪ್ಪಿಸುತ್ತಿದ್ದನೆಂಬುದನ್ನು ಕಿವಿಗೊಟ್ಟು ಕೇಳಿದವರು ವಿರಳ. ಕ್ಯಾಂಪ್‌ಬೆಲ್ಲನೂ ಮಠಗಳ ಕುರುಡು ಅಭಿಮಾನಿಯಲ್ಲ. ಹುಡುಗರು ಹಳೆಯ ಕಾವ್ಯಗಳನ್ನು ಅರ್ಥವರಿಯದೆ ಉರುಹಾಕುತ್ತಾರೆಂದು ಅವನು ಕಟುವಾಗಿಯೇ ಟೀಕಿಸಿದ್ದಾನೆ; ಜನರ ಬಡತನದಿಂದ ಹಳ್ಳಿಹಳ್ಳಿಗಳಲ್ಲಿ ಮಠಗಳು ಮುಚ್ಚಿದುದನ್ನೂ ಹೇಳಿದ್ದಾನೆ.

೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯೇ ಪೈಸೆಗಳಾದುವು. ಅದೇ ಕಾಲದಲ್ಲಿ ದಶಮಾಂಶ ಪದ್ಧತಿಯ ತೂಕ ಅಳತೆಗಳೂ ಕ್ರಮೇಣ ಜಾರಿಗೆ ಬಂದುವು. ಕಾಲು ಮಗ್ಗಿಗೆ ಪೇಟೆಯಲ್ಲಿ ಕೆಲಸವಿಲ್ಲವಾಯಿತು, ಶಾಲೆಯೂ ಅದನ್ನು ಬಿಟ್ಟಿತು. ಪೂರ್ಣಾಂಕದ ಮಗ್ಗಿಯೊಂದೇ ಉಳಿಯಿತು. ಹೀಗೆ ಉಳಿದ ಅರ್ಧವನ್ನು ನೋಡಿ ಮಠದ ಇಡೀ ಪಾಠವನ್ನು ಅಳೆಯುವುದು ನ್ಯಾಯವಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಮಗ್ಗಿಯ ಓಲೆಯಾಗಲಿ ಲೆಕ್ಕದ ಕಡತವಾಗಲಿ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದರೆ, ಅದರಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳು ಪೂರ್ಣಾಂಕದ ಮಗ್ಗಿಗೆ ಒತ್ತಿಕೊಂಡೇ ಬರೆದಿವೆಯೋ ಬೇರೆಯಾಗಿವೆಯೋ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇವೆ.