ಅಂಗಾಲಿನ ಮಚ್ಚೆ ಮತ್ತು ಜೀನ್ ಟೆಸ್ಟ್

ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರಲ್ಲಿ ಭತ್ತ ನಾಟಿ ಮಾಡೋರ ಪಾದ ಗಮನಿಸಿದೀರಾ? ಒಡೆದ ಹಿಮ್ಮಡಿ, ಮುಳ್ಳಿನ ಗುರುತು, ಆಣಿ, ಕೆಸರು. ಇಷ್ಟರ ಮಧ್ಯೆ ಹೊಸದೊಂದು ಕಪ್ಪು ಮಚ್ಚೆ ಎದ್ದರೆ ಯಾರ ಕಣ್ಣಿಗೆ ಬೀಳಬೇಕು? ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಆದರೆ ಬಂದಾಗ ಹೆಚ್ಚಾಗಿ ಕೂರೋದು ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಟೀ ಶರ್ಟ್ ಮೇಲೆ ನೀವು ಹೊತ್ತು ತಿರುಗೋ ಬಾಬ್ ಮಾರ್ಲಿಗೂ ಕಾಲ್ಬೆರಳಿನ ಉಗುರಿನಡಿಯೇ ಬಂತು, 1977ರಲ್ಲಿ ಪತ್ತೆಯಾಯ್ತು. 1981ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 36.

ಆದರೆ ಈ ರೋಗದ ಚರಿತ್ರೆ ಬಹುಪಾಲು ಬಿಳಿ ಚರ್ಮದ ಚರಿತ್ರೆ. 1820ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ನಾರಿಸ್, ತನ್ನ ರೋಗಿಯ ಅಪ್ಪನೂ ಇದರಿಂದಲೇ ಸತ್ತಿದ್ದನ್ನು ದಾಖಲಿಸಿದ. ವಂಶದ ಸುಳಿವು ಆಗಲೇ ಸಿಕ್ಕಿತ್ತು. ಇವತ್ತು ಚಿಕಿತ್ಸೆಗೆ ದಾರಿ ತೋರಿಸೋ ಟೆಸ್ಟ್ ಮಾತ್ರ ಬೇರೆ ಥರದ್ದು. ಎಂಜಲು ಕಳಿಸಿ ಪೂರ್ವಜರನ್ನ ಹುಡುಕೋ ಟೆಸ್ಟ್ ಅಲ್ಲ ಅದು. ಗಡ್ಡೆಯೊಳಗೇ, ಆಮೇಲೆ ಕೆಟ್ಟ ಜೀನ್ ಯಾವುದು ಅಂತ ನೋಡೋದು. 2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಬಿರಾಫ್ ಜೀನಿನ ದೋಷ ಹಿಡಿದರು. ಬಿಳಿಯರ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದಿದೆ. 2011ರಲ್ಲಿ ಅದಕ್ಕೇ ಅಂತ ವೆಮುರಾಫೆನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಜೊತೆಗೇ ಟೆಸ್ಟಿಗೂ. ಯಾಕಂದ್ರೆ ದೋಷ ಇಲ್ಲದವರಿಗೆ ಈ ಮಾತ್ರೆ ಕೊಟ್ಟರೆ ಗಡ್ಡೆಗೆ ಗೊಬ್ಬರ ಹಾಕಿದ ಹಾಗೆ ಆಗಬಹುದು.

ಅಂಗಾಲಿನ ಮೆಲನೋಮದಲ್ಲಿ ಬಿರಾಫ್ ದೋಷ ಅಷ್ಟು ಸಿಗಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದ ಬೋರಿಸ್ ಬಾಸ್ಟಿಯನ್ ತಂಡ, ಇಂಥ ಕೆಲವು ಗಡ್ಡೆಗಳಲ್ಲಿ ಕಿಟ್ ಅನ್ನೋ ಇನ್ನೊಂದು ಜೀನ್ ಕೆಟ್ಟಿರೋದನ್ನ ತೋರಿಸಿತು. ಇಲ್ಲಿಂದ ಕಥೆ ನಮ್ಮ ಕಡೆ ತಿರುಗತ್ತೆ. ಕಿಟ್ ದೋಷಕ್ಕೆ ಬಳಸೋ ಮಾತ್ರೆಗಳಲ್ಲೊಂದು ಇಮಾಟಿನಿಬ್, ರಕ್ತದ ಕ್ಯಾನ್ಸರಿನ ಹಳೇ ಮಾತ್ರೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ಗೆ ಪೇಟೆಂಟ್ ನಿರಾಕರಿಸಿದ್ದು ಇದೇ ಮಾತ್ರೆಗೆ. ಹಾಗಾಗಿ ನಮ್ಮಲ್ಲಿ ಕಡಿಮೆ ಬೆಲೆಯ ಜೆನೆರಿಕ್ ಇದೆ. ಎಲ್ಲರಿಗೂ ಕೆಲಸ ಮಾಡತ್ತೆ ಅಂತಲ್ಲ, ಕಿಟ್ ದೋಷ ಇದ್ದವರಲ್ಲೂ ಕೆಲವರಿಗಷ್ಟೇ. ಆದರೂ ಬಿರಾಫ್ ಇಲ್ಲ ಅಂತ ರಿಪೋರ್ಟ್ ಮಡಚಿಟ್ಟು, ಕಿಟ್ ನೋಡದೇ ಬಿಡೋದು ನನಗೆ ಅನ್ಯಾಯ ಅನ್ನಿಸತ್ತೆ.

ದಾವಣಗೆರೆಗೆ ಜೆಜೆಎಂ ಮೆಡಿಕಲ್ ಕಾಲೇಜು ಬಂದದ್ದು 1965ರಲ್ಲಿ, ಬೆಂಗಳೂರಲ್ಲಿ ಕಿದ್ವಾಯಿ ಶುರುವಾದದ್ದು 1973ರಲ್ಲಿ. ನಡುವೆ ಸುಮಾರು 260 ಕಿಲೋಮೀಟರ್. ಕೂಲಿ ಬಿಟ್ಟು ಅಷ್ಟು ದೂರ ಹೋಗೋದು ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ಜೀನ್ ಟೆಸ್ಟಿನಲ್ಲಿ ಒಂದು ಅನುಕೂಲ ಇದೆ: ರೋಗಿ ಪ್ರಯಾಣ ಮಾಡಬೇಕಿಲ್ಲ. ಬಯಾಪ್ಸಿಯ ತುಣುಕನ್ನ ಮೇಣದಲ್ಲಿ ಹುದುಗಿಸಿದ ಬ್ಲಾಕ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಕೊರಿಯರಲ್ಲಿ ಹೋಗತ್ತೆ. ಮಚ್ಚೆ ತೆಳುವಾಗಿದ್ದಾಗಲೇ ಕತ್ತರಿಸಿದರೆ ಸಾಮಾನ್ಯವಾಗಿ ಈ ಟೆಸ್ಟೇ ಬೇಕಾಗಲ್ಲ. ಆಣಿ ಅಂದುಕೊಂಡು ಆಸಿಡ್ ಹಚ್ಚಿ ಸುಟ್ಟುಬಿಟ್ಟರೆ ಮಾತ್ರ, ಬ್ಲಾಕ್‌ನಲ್ಲಿಡೋಕೆ ತುಣುಕೇ ಇರಲ್ಲ.