ಗಲಾಟೆ: ಪದದ ಅರ್ಥ ಮತ್ತು ಬಳಕೆ

ಗಲಾಟೆ (ನಾಮಪದ): ಗದ್ದಲ, ಕೋಲಾಹಲ, ಜಗಳ, ರಂಪ; ಅಂಕೆ ಮೀರಿದ ವರ್ತನೆ. ತೆಲುಗಿನಲ್ಲಿ ‘ಗಲಾಟಾ’, ತಮಿಳಿನಲ್ಲಿ ‘ಕಲಾಟ್ಟಾ’ ಎಂಬ ರೂಪಗಳಿವೆ. ಆಂಧ್ರದ ರಾಯದುರ್ಗಕ್ಕೆ ಹೊಂದಿಕೊಂಡಿರುವ ಮೊಳಕಾಲ್ಮೂರು ಸೀಮೆಯಲ್ಲಿ, ಕನ್ನಡ ಮತ್ತು ತೆಲುಗು ಎರಡನ್ನೂ ಆಡುವ ಮನೆಗಳಿಗೆ ಇದು ಗಡಿಯಿಲ್ಲದ ಮಾತು.

ಈ ಪದದ ಅರ್ಥವ್ಯಾಪ್ತಿ ಬಹು ಹಿರಿದು. ‘ಮಕ್ಕಳ ಗಲಾಟೆ’ ಎಂಬಲ್ಲಿ ದೂರಿಗಿಂತ ಅಕ್ಕರೆಯೇ ಹೆಚ್ಚು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಿಂದ ಮರಳಿದವರು ‘ಬಲು ಗಲಾಟೆ’ ಎಂದರೆ ಅದು ಜನಸಂದಣಿ. ‘ಕುಡಿದು ಗಲಾಟೆ ಮಾಡಿದ’ ಎಂದಾಗ ದುರ್ವರ್ತನೆ. ‘ಗಲಾಟೆಯಾಯಿತು’ ಎಂದಷ್ಟೇ ಹೇಳಿದರೆ ಮಾತಿಗೆ ಮಾತು ಬೆಳೆಯಿತೋ, ಹೊಡೆದಾಟವೇ ನಡೆಯಿತೋ ತಿಳಿಯದು.

ಸಮೀಪದ ಪದಗಳಿಗೆ ಇಷ್ಟು ಸಡಿಲವಿಲ್ಲ. ಗದ್ದಲ ಮುಖ್ಯವಾಗಿ ಸದ್ದಿಗೆ ಸಂಬಂಧಿಸಿದ್ದು. ವಿಧಾನಸಭೆಯ ಕಲಾಪ ಗದ್ದಲದಲ್ಲಿ ಮುಳುಗುತ್ತದೆ. ರಂಪಕ್ಕೆ ಒಬ್ಬರ ಹಟವೇ ಸಾಕು. ಊರಿನ ಶಾಂತಿ ಕದಡಿದರೆ ಗಲಭೆ. ಗುಂಪುಗೂಡಿ ನಡೆಸುವ ಹಿಂಸೆ ದೊಂಬಿ. ತೆಲುಗಿನಲ್ಲಿ ಇದು ‘ದೊಮ್ಮಿ’.

ಇವುಗಳಲ್ಲಿ ದೊಂಬಿ ಕಾನೂನಿನ ಪರಿಭಾಷೆಯೂ ಹೌದು. 1860ರ ಭಾರತೀಯ ದಂಡ ಸಂಹಿತೆಯ 146ನೇ ಕಲಮಿನಲ್ಲಿದ್ದ ಈ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 191ನೇ ಕಲಮಿನಲ್ಲಿದೆ. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ ಯಾರೊಬ್ಬರಾದರೂ ಕೂಟದ ಸಮಾನ ಉದ್ದೇಶಕ್ಕಾಗಿ ಬಲ ಅಥವಾ ಹಿಂಸೆ ಪ್ರಯೋಗಿಸಿದರೆ, ಕೂಟದ ಪ್ರತಿ ಸದಸ್ಯನೂ ದೊಂಬಿಯ ಅಪರಾಧಿ. ಇದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಬ್ಬರು ಅಥವಾ ಹೆಚ್ಚು ಮಂದಿ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿಭಂಗ ಮಾಡಿದರೆ ಅದು ಬೇರೆಯೇ ಅಪರಾಧ (194ನೇ ಕಲಂ). ಶಿಕ್ಷೆ ಒಂದು ತಿಂಗಳವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.

ಆದುದರಿಂದ ಠಾಣೆಗೆ ಕೊಡುವ ದೂರಿನಲ್ಲಿ ‘ಬಂದು ಗಲಾಟೆ ಮಾಡಿದರು’ ಎಂದು ಬರೆದರೆ ಸಾಲದು. ಎಷ್ಟು ಮಂದಿ ಬಂದರು, ಯಾರು ಏನೆಂದರು, ಯಾರು ಕೈಯೆತ್ತಿದರು, ಆಯುಧವಿತ್ತೇ ಎಂಬುದನ್ನು ಬಿಡಿಬಿಡಿಯಾಗಿ ಹೇಳಬೇಕು. ಸುದ್ದಿ ಬರೆಯುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಬಸ್ ನಿಲ್ದಾಣದ ವಾಗ್ವಾದವನ್ನು ದೊಂಬಿ ಎಂದರೆ ನೋಡುತ್ತ ನಿಂತವರೂ ಅಪರಾಧಿಗಳಂತೆ ಕಾಣುತ್ತಾರೆ. ಗುಂಪಿನಿಂದ ಪೆಟ್ಟು ತಿಂದವರ ಸಂಗತಿಯನ್ನು ಬರಿಯ ಗಲಾಟೆ ಎಂದರೆ ಅವರ ಗಾಯವೇ ಮರೆಯಾಗುತ್ತದೆ.