ವಿಯು3 ಆಯಿತು, ವಿಯು2 ಯಾವಾಗ?

ಮುಲುಂಡ್‌ನ ಕೇಳುಗ ಮಿತ್ರರೇ, ನಾವು ಮಾತಾಡುತ್ತೇವೆ, ನೀವು ಕೇಳುತ್ತೀರಿ. ತಿರುಗಿ ಮಾತಾಡುವ ರೇಡಿಯೋ ಬೇಕೇ? ಅದೇ ಹ್ಯಾಮ್!

1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರ 2ಜೆಕೆ ಕರೆಸಂಕೇತದಿಂದ ಭಾರತದಲ್ಲಿ ಇದು ಶುರುವಾಯಿತು. 1939ರಲ್ಲಿ ಯುದ್ಧ ಬಂದಾಗ ಹವ್ಯಾಸಿಗಳು ತಮ್ಮ ಟ್ರಾನ್ಸ್‌ಮಿಟರ್‌ಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. 1978ರ ನಿಯಮಗಳಲ್ಲಿ ಹಲವು ದರ್ಜೆಗಳಿದ್ದವು. ಆಮೇಲೆ ಎರಡೇ ಉಳಿದವು. ರಿಸ್ಟ್ರಿಕ್ಟೆಡ್‌ಗೆ ವಿಯು3, 50 ವ್ಯಾಟ್, ಮೋರ್ಸ್ ಬೇಡ. ಜನರಲ್‌ಗೆ ವಿಯು2, 400 ವ್ಯಾಟ್. 2003ರಲ್ಲಿ ಜಿನೀವಾ ಸಮ್ಮೇಳನ ಮೋರ್ಸ್ ಕಡ್ಡಾಯವಲ್ಲ ಎಂದರೂ ನಮ್ಮವರು ಅದನ್ನು ಬಿಡಲಿಲ್ಲ, ನಿಮಿಷಕ್ಕೆ 12 ಪದದಿಂದ 8ಕ್ಕೆ ಇಳಿಸಿದರು, ಅಷ್ಟೇ.

ಈ ಕಟ್ಟ-ಕಡ ಸದ್ದಿಗೆ ಹೆದರಿ ಅನೇಕರು ವಿಯು3ರಲ್ಲೇ ನಿಂತುಬಿಡುತ್ತಾರೆ. ನನ್ನನ್ನು ಕೇಳಿದರೆ, ಹೆದರಿಕೆಗಿಂತ ಆಸೆ ಸಾಲದ್ದೇ ಕಾರಣ. ನಮ್ಮ ಪಡುವಣದ ನ್ಯಾಷನಲ್ ಪಾರ್ಕ್ ಗುಡ್ಡ ನೋಡಿ. ನೇರ ಸಾಗುವ ವಿಎಚ್‌ಎಫ್ ಅಲೆಗೆ ಅದೇ ಗೋಡೆ. ಶಾರ್ಟ್‌ವೇವ್ ಹಾಗಲ್ಲ, ಅಯಾನುಗೋಳಕ್ಕೆ ತಾಗಿ ಸಾವಿರಾರು ಮೈಲಿ ಆಚೆ ಇಳಿಯುತ್ತದೆ. ವ್ಯಾಟ್ ಹೆಚ್ಚಿದ್ದರೆ ಅಲ್ಲಿ ಕೇಳಿಸುವ ಭರವಸೆಯೂ ಹೆಚ್ಚು.

2004ರ ಡಿಸೆಂಬರ್‌ನಲ್ಲಿ ವಿಯು2ಆರ್‌ಬಿಐ ಭಾರತಿ ಪ್ರಸಾದ್ ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರಂದು ಸುನಾಮಿ ಬಂತು. ದ್ವೀಪದ ಫೋನ್‌ಗಳು ಸತ್ತಾಗ, ಬದುಕುಳಿದವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಿದ್ದು ಅವರ ಸೆಟ್.